ನರ್ಸಮ್ಮನ ಎರಡನೇ ಸೋಮವಾರ

ಪುಟ್ಟಲಕ್ಷ್ಮಮ್ಮನನ್ನು ಶಾಸಕಿ ಮಾಡಿದವನು ನಾನು. ಜಂಬಕ್ಕೆ ಹೇಳುತ್ತಿಲ್ಲ, ಶೀಳನೆರೆ ಹೋಬಳಿಯಲ್ಲಿ ಯಾರನ್ನು ಬೇಕಾದರೂ ಕೇಳಿ. ತೊಂಬತ್ನಾಲ್ಕರ ಚುನಾವಣೆಯಲ್ಲಿ, ಹದಿನೆಂಟು ವರ್ಷ ನಿಮ್ಮ ಮನೆಗಳ ಹೆರಿಗೆ ಮಾಡಿದ ನರ್ಸಮ್ಮನಿಗೆ ಒಂದು ಓಟು ಕೊಡಿ ಎಂದು ಮನೆಮನೆ ತಿರುಗಿ ಎರಡು ಜೊತೆ ಚಪ್ಪಲಿ ಸವೆಸಿದೆ. ಎದುರು ಪಕ್ಷಕ್ಕೆ ದುಡಿದವನು ಶೀಳನೆರೆಯ ಚಲುವರಾಜು, ನನ್ನ ಸ್ವಂತ ತಂಗಿ ಮಂಗಳಮ್ಮನ ಗಂಡ. ಗೆದ್ದ ದಿನ ಅವನ ಬಾಗಿಲ ಮುಂದೆಯೇ ಪಟಾಕಿ ಹಚ್ಚಿಸಿದೆ. ಅಲ್ಲಿಂದಾಚೆಗೆ ಆ ಮನೆಗೂ ನನಗೂ ಮಾತಿಲ್ಲ. ತಂಗಿಯ ಮುಖವನ್ನೂ ನೋಡಲಿಲ್ಲ.

ಹಾಗಿರುವಾಗ ತೊಂಬತ್ತೆಂಟರಲ್ಲಿ ಬಸ್ಸಿನ ಕಂಡಕ್ಟರು ನನ್ನ ಕಿವಿ ಕಚ್ಚಿದ.

"ನಿಂಗ್ರಾಜಣ್ಣ, ನಿಮ್ ಎಮ್ಮೆಲ್ಲೆ ಪ್ರತಿ ತಿಂಗ್ಳು ಎರಡ್ನೇ ಸೋಮ್ವಾರ ನಮ್ ಬಸ್ಸಲ್ಲೇ ಶೀಳನೆರೆಗ್ ಬತ್ತಾರೆ ಕನಣ್ಣ. ಒಬ್ರೇ!"

ಮನೆ ಮುಂದೆ ಜೀಪು ನಿಂತಿರುವಾಗ ಶಾಸಕಿಗೆ ಬಸ್ಸೇಕೆ? ಮುಂದಿನ ತಿಂಗಳ ಎರಡನೇ ಸೋಮವಾರ ಶೀಳನೆರೆಯ ಟೀ ಅಂಗಡಿಯಲ್ಲಿ ಪೇಪರು ಮುಖಕ್ಕೆ ಹಿಡಿದು ಕುಳಿತೆ. ಅವಳು ಇಳಿದಳು, ಸೆರಗಿನಡಿ ಹಳೇ ಕೈಚೀಲ. ನೆಟ್ಟಗೆ ಚಲುವರಾಜುವಿನ ಮನೆಯೊಳಗೆ ಹೋದಳು, ಬಾಗಿಲು ಮುಚ್ಚಿತು. ಕಾಲು ಗಂಟೆಯ ನಂತರ ಬಾಗಿಲು ತೆರೆಯಿತು. ಹೊಸ್ತಿಲಲ್ಲಿ ಅವಳು ಏನೋ ಒಂದು ಪೊಟ್ಟಣ ಅವನ ಕೈಗಿಟ್ಟಳು. ದೇವರಿಗೂ ತಲೆ ಬಾಗದ ಆ ಚಲುವರಾಜು ಅವಳಿಗೆ ಕೈ ಮುಗಿದ!

ಥೂ, ಇವಳು ಪಕ್ಷ ಬಿಡುತ್ತಿದ್ದಾಳೆ. ನನಗೆ ಇನ್ನೇನು ಸಾಕ್ಷಿ ಬೇಕು? ಆದರೂ ಕೇಳಿಯೇಬಿಟ್ಟೆ.

"ಮೇಡಮ್ಮೋರೆ, ಶೀಳನೆರೆಗ್ ಯಾಕ್ ವೋಗಿದ್ರಿ?"

"ಸ್ವಲ್ಪ ಕೆಲ್ಸ ಇತ್ತು ಕಣಪ್ಪ."

"ಯಾರತ್ರ?"

"ಅದ್ ಬುಡು ನಿಂಗ್ರಾಜು," ಎಂದು ಒಳಗೆ ಹೋದಳು.

ಬಿಡುವ ಆಸಾಮಿಯೇ ನಾನು? ಎಂಟು ತಿಂಗಳು ಕಾದು ನೋಡಿದೆ. ಅದೇ ಸೋಮವಾರ, ಅದೇ ಬಸ್ಸು, ಅದೇ ಕೈಚೀಲ. ನಾಳೆ ಇವಳು ಪಕ್ಷ ಹಾರಿದರೆ ಓಟು ಹಾಕಿಸಿದ ನನ್ನ ಮುಖಕ್ಕೆ ಜನ ಉಗಿಯುತ್ತಾರೆ ಎಂಬ ಭಯ ನಿದ್ದೆಗೆಡಿಸಿತು.

ತೊಂಬತ್ತೊಂಬತ್ತರ ಟಿಕೆಟ್ಟಿಗೆ ಕೆ.ಆರ್.ಪೇಟೆಯಲ್ಲಿ ಸಭೆ ಸೇರಿತು. ಅಧ್ಯಕ್ಷ ನರಸಯ್ಯನವರ ಮುಂದೆ ಎದ್ದು ನಿಂತು ಎಲ್ಲವನ್ನೂ ಕೂಗಿ ಹೇಳಿದೆ.

"ವೋಗೋದು ನಿಜ," ಎಂದಳು ನರ್ಸಮ್ಮ. "ನರ್ಸಾಗಿ ವೋಗ್ತೀನಿ. ಯಾರ್ಗೆ, ಯಾತಕ್ಕೆ ಅಂತ ಕೇಳ್ಬೇಡಿ."

"ಸುಳ್ಳು! ಆ ಮನೇಲ್ ಯಾರ್ಗೂ ಕಾಯ್ಲೆ ಇಲ್ಲ. ಅಲ್ಲಿರೋಳು ನನ್ ತಂಗಿ, ನನ್ಗ್ ಗೊತ್ತಿಲ್ವಾ?"

ಅವಳು ನನ್ನ ಕಡೆ ಒಮ್ಮೆ ನೋಡಿ ನರಸಯ್ಯನವರತ್ತ ತಿರುಗಿದಳು. "ಟಿಕೆಟ್ಟು ಬೇರೆಯೋರ್ಗೆ ಕೊಡಿ ನರಸಯ್ಯನೋರೆ. ಆ ಮಾತು ಮಾತ್ರ ನನ್ ಬಾಯಿಂದ ಬರಾಕಿಲ್ಲ."

ಕೊಟ್ಟೇಬಿಟ್ಟರು. ನಾನು ಎದೆಯುಬ್ಬಿಸಿಕೊಂಡು ಮನೆಗೆ ಬಂದೆ.

ಚುನಾವಣೆ ಮುಗಿದ ಮೇಲೆ, ಅಕ್ಟೋಬರಿನಲ್ಲಿ, ಅದೇ ಕಂಡಕ್ಟರು ಸಿಕ್ಕಿದ. "ಅವ್ರು ಇವತ್ತೂ ಬಂದವ್ರೆ ಕನಣ್ಣ."

ಇನ್ನೇನಿದೆ ಅವಳಿಗೆ ಅಲ್ಲಿ? ಸೀಟು ಹೋಗಿದೆ, ಮಾರಿಕೊಳ್ಳಲು ಅವಳ ಹತ್ತಿರ ಏನೂ ಉಳಿದಿಲ್ಲ. ನೆಟ್ಟಗೆ ಶೀಳನೆರೆಯ ಆ ಮನೆಗೆ ಹೋದೆ. ಐದು ವರ್ಷದಿಂದ ತುಳಿಯದ ಹೊಸ್ತಿಲು ದಾಟಿ ಒಳಗೆ ನುಗ್ಗಿದೆ.

ಚಾಪೆಯ ಮೇಲೆ ಮಂಗಳಮ್ಮ ಕುಳಿತಿದ್ದಳು. ಅಯ್ಯೋ, ನನ್ನ ತಂಗಿಯ ಬಿಳೀ ಮುಖ ಕಪ್ಪಿಟ್ಟಿತ್ತು. ಅಂಗೈಯಲ್ಲಿ ಮಾತ್ರೆಗಳು. ಎದುರಿಗೆ ನೀರಿನ ಚೊಂಬು ಹಿಡಿದು ನರ್ಸಮ್ಮ.

"ದೊಡ್ಡ ರೋಗ ಕಣೋ ಬಾವ," ಎಂದ ಚಲುವರಾಜು. ಕುಷ್ಠವನ್ನು ನಮ್ಮ ಕಡೆ ಹೆಸರಿಟ್ಟು ಕರೆಯುವುದಿಲ್ಲ. "ಎರಡ್ ವರ್ಸದ್ ಔಸ್ದಿ, ಮುಖ ಕಪ್ಪಾಗಿರೋದೂ ಅದ್ಕೇಯ. ತಿಂಗ್ಳಿಗೊಂದ್ಸಲ ನರ್ಸ್ ಎದುರ್ಗೇ ನುಂಗ್ಬೇಕು, ಮಿಕ್ಕಿದ್ ದಿನದ್ ಮಾತ್ರೆ ಪೊಟ್ಟಣ ಕಟ್ಟಿ ಕೊಟ್ಟೋಗೋರು. ಆಸ್ಪತ್ರೇಲಿ ಯಾರಾದ್ರೂ ನೋಡುದ್ರೆ ಮಗ್ಳು ರಂಜಿತನ್ ಮದ್ವೆ ನಿಂತೋಯ್ತದೆ ಅಂತ ಅಮ್ಮೋರೇ ಬತ್ತಿದ್ರು. ಇವತ್ತು ಇಪ್ಪತ್ನಾಕ್ನೇದು, ಕೊನೇದು. ಅವ್ರ ಸೀಟು ವೋಯ್ತಿದ್ರೂ ನಾವ್ ಬಾಯ್ ಬುಡ್ಲಿಲ್ಲ." ಅವನು ತಲೆ ತಗ್ಗಿಸಿದ.

ನಾನು ತಂಗಿಯ ಕಡೆ ತಿರುಗಿದೆ. "ನಂಗೊಂದ್ ಮಾತ್ ಯೋಳ್ಬಾರ್ದಿತ್ತಾ ಮಂಗಳಿ? ನಾನ್ ನಿನ್ ಅಣ್ಣ ಅಲ್ವಾ?"

ಅವಳು ಮಾತ್ರೆ ನುಂಗಿದಳು, ನೀರು ಕುಡಿದಳು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

"ನಿನ್ಗ್ ಮಾತ್ರ ಯೋಳ್ಬಾರ್ದು ಅಂತ ನಾನೇ ಅಮ್ಮೋರ್ ಕೈಲಿ ಆಣೆ ಆಕಿಸ್ಕಂಡಿದ್ದೆ ಕನಣ್ಣ. ಆವತ್ತು ಸಭೇಲಿ ಕೂಗುದ್ಯಲ್ಲ? ಗೊತ್ತಿದ್ದಿದ್ರೆ ನೀನ್ ಇದ್ನೂ ಅಂಗೇ ಕೂಗ್ತಿದ್ದೆ."

ನರ್ಸಮ್ಮ ಕೈಚೀಲ ಮುಚ್ಚಿ ಎದ್ದಳು. ನಾನು ಬಾಗಿಲಿಗೆ ಅಡ್ಡ ನಿಂತಿದ್ದೆ.

"ದಾರಿ ಬುಡು ನಿಂಗ್ರಾಜು," ಎಂದಳು. "ಬಸ್ಸಿಗ್ ವೊತ್ತಾಯ್ತು."