ಮಷಿನ್ ಮುಟ್ಟದ ತಲೆ

ಕ್ಷೌರಿಕ ಕೋರ್ಟಿಗೆ ಹೊರಟಾಗ ಹೆಂಡತಿ ಬಾಗಿಲಿಗೆ ಅಡ್ಡ ನಿಂತಳು. “ಅಲ್ಲಿ ಹೋಗಿ ಬೆಣ್ಣೆ ಥರ ಕರಗಿಬಿಡ್ಬೇಡಿ. ಹೋದದ್ದು ನಿಮ್ಮ ಕಣ್ಣು, ಅವರದ್ದಲ್ಲ.”

ಎಡಗಣ್ಣು ತೆಗೆದ ಆ ಹುಡುಗ ಅವನಿಗೆ ಹೊರಗಿನವನೇನಲ್ಲ. ಮೊಣಕಾಲೆತ್ತರ ಇದ್ದಾಗಿನಿಂದ ಅವನ ಕುರ್ಚಿಯಲ್ಲೇ ಬೆಳೆದವನು. ಆಟಿಸಂ ಇತ್ತು, ಮಷಿನ್ನಿನ ಗುಂಯ್ ಸದ್ದು ಬಿದ್ದರೆ ಕಿವಿಗೆ ಕಾದ ಎಣ್ಣೆ ಹುಯ್ದಂತೆ ಒದ್ದಾಡುತ್ತಿದ್ದ. ಅದಕ್ಕೇ ಕ್ಷೌರಿಕ ಬರೀ ಕತ್ತರಿಯಲ್ಲಿ, “ಈಗ ಬಲಗಡೆ, ಈಗ ಹಿಂದುಗಡೆ” ಎಂದು ಮುಂಚೆಯೇ ಹೇಳಿ ಹೇಳಿ ಕತ್ತರಿಸುತ್ತಿದ್ದ. ಅವತ್ತು ಪಕ್ಕದ ಕುರ್ಚಿಯ ಗಿರಾಕಿಗೆ ಎಲ್ಲಿಲ್ಲದ ಆತುರ. ಅಂಗಡಿಯಲ್ಲಿ ಜೊತೆಗೆ ಕೆಲಸ ಮಾಡುವ ಭಾಮೈದ ಮಷಿನ್ ಹಾಕಿಯೇಬಿಟ್ಟ. ಆಗಷ್ಟೇ ಹದಿನೆಂಟು ತುಂಬಿದ್ದ ಹುಡುಗ ಚೀರಿ, ಕತ್ತರಿ ಕಿತ್ತುಕೊಂಡು ಬೀಸಿದ. ಬೀಸಿದ್ದು ಸದ್ದಿಗೆ, ತಗುಲಿದ್ದು ಕಣ್ಣಿಗೆ.

ಕೋರ್ಟಿನ ಪಡಸಾಲೆಯಲ್ಲಿ ಹುಡುಗನ ತಾಯಿ ಕಾಯುತ್ತಿದ್ದಳು. “ಅಣ್ಣಾ, ಕ್ಷಮಿಸಿ ಅನ್ನೋಕೆ ನನಗೆ ಬಾಯಿಲ್ಲ. ಮನೆಗೆ ಕಳ್ಸಿ ಅಂತ ಒಂದು ಮಾತು ಹೇಳಿ. ಜೈಲಲ್ಲಿ ಅವನು ಉಳಿಯಲ್ಲ.”

“ಹೇಳ್ತೀನಮ್ಮ,” ಎಂದ. ಅವನ ಮನಸ್ಸಿನಲ್ಲೂ ಅದೇ ಇತ್ತು.

ನ್ಯಾಯಾಧೀಶೆ ಗಟ್ಟಿ ದನಿಯವರಲ್ಲ. “ಹುಡುಗನ ಸ್ಥಿತಿ ಡಾಕ್ಟರು ಹೇಳಿದ್ದಾರೆ. ನಿಮ್ಮದು ನೀವೇ ಹೇಳಿ. ಕೆಲಸ ನಡೀತಿದೆಯಾ?”

“ನಡೀತಿದೆ ತಾಯಿ. ಗಿರಾಕಿಗಳು ತಮ್ಮ ಕಿವಿ ತಾವೇ ಹಿಡ್ಕೊಂಡು ಕೂರ್ತಾರೆ, ಅಷ್ಟೆ.”

ಹಿಂದಿನ ಬೆಂಚಿನವರು ನಕ್ಕರು. ಆಕೆ ನಗಲಿಲ್ಲ. “ಅವನನ್ನ ಮನೆಗೆ ಕಳಿಸ್ಲಾ?”

“ಕಳಿಸಿ ತಾಯಿ. ಬೇಕಂತ ಮಾಡಿದ್ದಲ್ಲ ಅದು.”

“ನಾಳೆ ಅವನು ಬಂದು ನಿಮ್ಮ ಕುರ್ಚೀಲಿ ಕೂತ್ರೆ?”

ಕ್ಷೌರಿಕ ತಿರುಗಿ ನೋಡಿದ. ಜಾಮೀನಿನ ಮೇಲೆ ಮನೆಯಲ್ಲಿದ್ದಷ್ಟು ತಿಂಗಳೂ ಹುಡುಗ ಬೇರೆ ಯಾರಿಗೂ ತಲೆ ಕೊಟ್ಟಿರಲಿಲ್ಲ. ಕೂದಲು ಕತ್ತಿನ ಮೇಲೆ ಇಳಿದಿತ್ತು. ಪರಿಚಯದ ಮುಖ ಕಂಡು ಖುಷಿಯಾಯಿತೇನೋ, ಹುಡುಗ ಪಟ್ಟನೆ ಒಂದು ಹೆಜ್ಜೆ ಮುಂದಿಟ್ಟ. ಕ್ಷೌರಿಕನ ಕೈ ತಾನಾಗಿಯೇ ಮೇಲೆದ್ದು ಉಳಿದೊಂದು ಕಣ್ಣನ್ನು ಮುಚ್ಚಿಕೊಂಡಿತು.

ಕೈ ಇಳಿಸುವಷ್ಟರಲ್ಲಿ ನ್ಯಾಯಾಧೀಶೆ ನೋಡಿಯಾಗಿತ್ತು.

“ಅವನ ತಪ್ಪು ಎಷ್ಟು ಅಂತ ನನಗೂ ಗೊತ್ತು,” ಎಂದರು, ತಮಗೇ ಹೇಳಿಕೊಂಡಂತೆ. “ಆದರೆ ಈ ಭಯವನ್ನ ನಾನು ಯಾವ ಲೆಕ್ಕಕ್ಕೆ ಹಾಕ್ಲಿ?” ಎರಡು ವರ್ಷ ಕೊಟ್ಟರು.

ಹೊರಗೆ ಕರೆತರುವಾಗ ಹುಡುಗ ನೆಲ ನೋಡುತ್ತಲೇ ಕ್ಷೌರಿಕನನ್ನು ಕೇಳಿದ: “ಮಾಮಾ, ಅಲ್ಲಿ ಯಾರು ಕತ್ತರಿಸ್ತಾರೆ?”

ಪೇದೆಗೆ ತಮಾಷೆ. “ಅಲ್ಲಿ ಪುಕ್ಕಟೆ ಕಣೋ! ಹೋದ ಕೂಡ್ಲೇ ಮಷಿನ್ ಹಾಕ್ತಾರೆ. ಗುಂಯ್ ಅನ್ನೋದ್ರೊಳಗೆ ಬೋಳು.”

“ಸ್ವಾಮಿ, ನಾನೇ ಬರ್ತೀನಿ,” ಕ್ಷೌರಿಕ ಹಿಂದೆಯೇ ಓಡಿದ. “ಕತ್ತರಿ ತಂದು ನಾನೇ ಮಾಡ್ತೀನಿ. ಕಾಸೂ ಬೇಡ.”

“ಏನು ಯಜಮಾನ್ರೇ, ತಲೆ ಸರಿಯಿದೆಯಾ? ಇವನ ಹತ್ರ ಕತ್ತರೀನಾ?”

ವ್ಯಾನಿನ ಬಾಗಿಲಲ್ಲಿ ಹುಡುಗ ಆಗಲೇ ಎರಡೂ ಕಿವಿ ಬಿಗಿಯಾಗಿ ಮುಚ್ಚಿಕೊಂಡಿದ್ದ.

“ಕೈ ಇಳಿಸೋ,” ಎಂದು ಪೇದೆ ಒಂದೊಂದೇ ಕೈ ಬಿಡಿಸಿದ.