ಹಗ್ಗದಳತೆ

"ಏ ಲಾಯ್ರಮ್ಮ, ಬಾಯಿ ಬಿಡೇ! ನಿನ್ ಪಾಲಿನ ಮಾತನ್ನೂ ನಿಮ್ಮಮ್ಮನೇ ಆಡಿ ಮುಗಿಸ್ಬಿಟ್ಳಾ?"

ಮೇಸ್ತ್ರಿ ಮಗುವಿನ ಬೆನ್ನ ಹಿಂದೆ ನಿಂತು ತಗಡಿನ ಮುಚ್ಚಳವೊಂದನ್ನು ಕಂಬಕ್ಕೆ ಬಡಿದ. ಮಗು ತಿರುಗಲಿಲ್ಲ. ಇನ್ನೂ ಜೋರಾಗಿ ಬಡಿದ. ತೊಟ್ಟಿಗಳ ಹತ್ತಿರ ನಿಂತಿದ್ದ ನಾವೆಲ್ಲ ತಿರುಗಿದೆವು. ಮಗು ಮಾತ್ರ ತನ್ನ ಕಾಲ ಬೆರಳುಗಳನ್ನೇ ನೋಡುತ್ತಿತ್ತು.

"ನೋಡಿದ್ರಾ? ಕಿವಿ ಬರೀ ಶೋಕಿಗೆ. ಹುಟ್ಟಿಸೋವಾಗ ನಿನ್ ಗ್ಯಾನ ಎಲ್ಲಿತ್ತೇ?"

ಮಗುವಿನ ತಾಯಿ, ನನ್ನ ಅಕ್ಕ, ಮೊಣಕೈ ತನಕ ಕೈಯನ್ನು ತೊಟ್ಟಿಯಲ್ಲಿ ಮುಳುಗಿಸಿ ಬಾಟ್ಲಿ ಉಜ್ಜುತ್ತಿದ್ದಳು. ತಲೆ ಎತ್ತಲಿಲ್ಲ.

"ಹೋಗಿ ನಿಮ್ಮಮ್ಮನ್ನ ಕೇಳು. ನಿನ್ನಂಥಾ ದರಿದ್ರ ಮುಂಡೇದು ಹೆಂಗ್ ಹುಟ್ತು ಅಂತ ಆ ತಾಯೀನೂ ಯೋಚ್ನೆ ಮಾಡ್ತಾ ಕೂತಿರ್ತಾಳೆ," ಅಂದಳು ಅಕ್ಕ.

ಹೆಂಗಸರು ನಕ್ಕರು. ಬೇರೆ ದಿನವಾಗಿದ್ದರೆ ಅವನು ಕೈ ಎತ್ತುತ್ತಿದ್ದ. ಅವತ್ತು ಅವನಿಗೆ ನಮ್ಮಿಂದ ಒಂದು ಕೆಲಸ ಆಗಬೇಕಿತ್ತು. ಹಲ್ಲು ಕಿರಿದು, "ನಾಳೆ ಬೆಳಿಗ್ಗೆ ಡಾಕ್ಟರ ಹತ್ರ ಹೋಗೋದಿದೆ. ಮಗೂಗೆ ಸ್ನಾನ ಮಾಡ್ಸಿ ಕರ್ಕೊಂಬಾ. ನಾನೂ ಬರ್ತೀನಿ" ಅಂದ.

ಮಗುವಿಗೆ ಕಿವಿ ಕೇಳುತ್ತದೆ ಅಂತ ನಮಗೆ ಗೊತ್ತಿತ್ತು. ನಮ್ಮದು ಹಳೇ ಬಾಟ್ಲಿ ತೊಳೆಯುವ ಅಂಗಳ. ಮೂಟೆಗಳಲ್ಲಿ ಬಂದ ಬಾಟ್ಲಿಗಳನ್ನು ಸೋಡಾಖಾರದ ನೀರಲ್ಲಿ ನೆನೆಸಿ, ಲೇಬಲ್ ಕೆರೆದು, ಬ್ರಷ್ ಹಾಕಿ, ಕೊನೆಗೆ ಎರಡೆರಡನ್ನು ಕಿವಿಯ ಹತ್ತಿರ ಹಿಡಿದು ಒಂದಕ್ಕೊಂದು ತಾಕಿಸುತ್ತೇವೆ. ಸರಿಯಿದ್ದರೆ ಒಂದು ದನಿ, ಕೂದಲೆಳೆಯಷ್ಟು ಬಿರುಕಿದ್ದರೂ ಇನ್ನೊಂದು ದನಿ. ಆ ಇನ್ನೊಂದು ದನಿ ಬಂದಾಗ ನಮಗಿಂತ ಮೊದಲು ತಿರುಗಿ ನೋಡುತ್ತಿದ್ದವಳು ಕಂಬದ ಬುಡದಲ್ಲಿದ್ದ ಈ ಮೂರು ವರ್ಷದವಳು. ಆದರೆ ಹೆಸರು ಹಿಡಿದು ಕರೆದರೆ, ಬೇರೆ ಏನು ಸದ್ದು ಮಾಡಿದರೂ ತಿರುಗುತ್ತಿರಲಿಲ್ಲ. ಒಂದು ಮಾತೂ ಆಡುತ್ತಿರಲಿಲ್ಲ. ಅದಕ್ಕೇ ತಮಾಷೆಗೆ ಲಾಯ್ರಮ್ಮ ಅಂತ ಕರೆಯುತ್ತಿದ್ದೆವು.

ಅಂಗಳದ ನೆಲದ ತುಂಬ ಗಾಜು. ಎಷ್ಟು ಗುಡಿಸಿದರೂ ಮಣ್ಣಿನೊಳಗಿಂದ ಮೇಲೇಳುತ್ತದೆ. ಹಾಗಾಗಿ ತೆವಳಲು ಕಲಿತ ದಿನದಿಂದ ಮಕ್ಕಳ ಸೊಂಟಕ್ಕೆ ಹಗ್ಗ ಬೀಳುತ್ತದೆ. ಬಟ್ಟೆ ಹೆಣೆದು ಮಾಡಿದ ಮೆತ್ತಗಿನ ಹಗ್ಗ. ಒಂದು ಕಡೆ ತೊಟ್ಟಿ, ಇನ್ನೊಂದು ಕಡೆ ಒಡೆದ ಗಾಜಿನ ಗುಡ್ಡೆ. ಎರಡೂ ಕೈಗೆ ಸಿಗದಷ್ಟು ಉದ್ದ ಬಿಟ್ಟರೆ ಮಗುವಿಗೆ ನಾಲ್ಕು ಹೆಜ್ಜೆ ಸಿಗುತ್ತದೆ. ಲಾಯ್ರಮ್ಮನ ಹಗ್ಗದ ಗಂಟು ನನ್ನದು. ಅಕ್ಕ ಹಾಕಿದ ಗಂಟನ್ನು ಮಗು ಬಿಚ್ಚಿಕೊಳ್ಳುತ್ತಿತ್ತು, ನನ್ನದು ಬರುತ್ತಿರಲಿಲ್ಲ. ನಾನು ಡಿಗ್ರಿ ಮುಗಿಸಿದವಳು. ಕೆಲಸ ಸಿಗುವ ತನಕ ಅಂದುಕೊಂಡು ಅಕ್ಕನ ಪಕ್ಕದ ತೊಟ್ಟಿಗೆ ಬಂದು ನಿಂತೆ. ಮೂರು ವರ್ಷದಲ್ಲಿ ನಾನು ಚೆನ್ನಾಗಿ ಕಲಿತದ್ದು ಆ ಗಂಟು ಒಂದನ್ನೇ.

ಹಿಂದಿನ ವಾರ ತಪಾಸಣೆಗೆ ಒಬ್ಬ ಅಧಿಕಾರಿಣಿ ಬಂದಿದ್ದಳು. ಇಷ್ಟು ಹೆಂಗಸರು ದುಡಿಯುವ ಕಡೆ ಮಕ್ಕಳಿಗೊಂದು ಕೋಣೆ ಇರಬೇಕಲ್ಲ, ಎಲ್ಲಿ ಅಂತ ಕೇಳಿದಳು. ಕಂಬದ ಹತ್ತಿರ ಕೂತು ಮಗುವನ್ನು ಮಾತಾಡಿಸಿ ನೋಡಿದಳು. ಇದನ್ನು ಪರೀಕ್ಷೆ ಮಾಡಿಸಿ, ಯಾಕೆ ಕಟ್ಟಿದ್ದೀರಿ ಅಂತ ಬರೆದು ಕೊಡಿ ಎಂದು ಮ್ಯಾನೇಜರನಿಗೆ ನೋಟಿಸು ಕೊಟ್ಟು ಹೋದಳು. ಮ್ಯಾನೇಜರನಿಗೆ ಈಗ ಬೇಕಾಗಿದ್ದದ್ದು ಒಂದೇ ಕಾಗದ. ಮಗು ಹುಟ್ಟಾ ಮಂದ ಎನ್ನುವ ಡಾಕ್ಟರ ಕಾಗದ. ಅದಿದ್ದರೆ, ಅದರ ಒಳ್ಳೇದಕ್ಕೇ ಕಟ್ಟಿದ್ದು ಅಂತ ಅವನು ಬರೆದುಕೊಡಬಹುದು.

ಅದು ನನಗೆ ಅರ್ಥವಾಗಿತ್ತು. ಅಕ್ಕನಿಗೆ ಹೇಳಿರಲಿಲ್ಲ. ಬೆಳಿಗ್ಗೆ ಮಗುವಿನ ಮೈ ಒರೆಸುತ್ತ ಅವಳು, "ಏನಾದ್ರೂ ಇದ್ರೆ ಇದೆ ಅಂತ ಹೇಳ್ಲಿ ಕಣೇ. ತಡ್ಕೋತೀನಿ. ಹೊತ್ತೊತ್ತಿಗೂ ಇದರ ಮುಖ ನೋಡಿ, ಇದ್ಯೋ ಇಲ್ವೋ ಅಂತ ಸಾಯೋದು ನಂಗೆ ಸಾಕಾಗಿದೆ" ಅಂದಳು. ಸೊಂಟದ ಸುತ್ತ ಚರ್ಮ ಕಪ್ಪಾಗಿ ಒರಟಾಗಿತ್ತು. ಅಲ್ಲಿ ಅವಳ ಕೈ ಒಂದು ಗಳಿಗೆ ನಿಂತು ಮುಂದೆ ಹೋಯಿತು. ನಾನು ಮಗುವಿನ ಅಂಗಿಯ ಗುಂಡಿ ಹುಡುಕುವ ನೆಪದಲ್ಲಿ ಆ ಕಡೆ ತಿರುಗಿದೆ.

ಡಾಕ್ಟರಮ್ಮನ ಕೋಣೆಗೆ ಮೊದಲು ಮೇಸ್ತ್ರಿ ಒಬ್ಬನೇ ಹೋದ. ಬಾಗಿಲ ಹಿಂದೆ ಅವನ ದನಿ ಅಂಗಳದಲ್ಲಿ ನಾವು ಎಂದೂ ಕೇಳದಷ್ಟು ಮೆತ್ತಗಿತ್ತು. ಆಮೇಲೆ ನಮ್ಮನ್ನು ಕರೆದರು. ಗೋಡೆಗೆ ಹಳದಿ ಬಣ್ಣ, ನೆಲಕ್ಕೆ ಮೆತ್ತನೆ ಚಾಪೆ, ಬುಟ್ಟಿ ತುಂಬ ಆಟದ ಸಾಮಾನು. ಅಕ್ಕ ಚಪ್ಪಲಿ ಹೊರಗೆ ಬಿಟ್ಟಳು. ಬರಿಗಾಲಲ್ಲಿ ಚಾಪೆ ತುಳಿದವಳು ಅಂಗಾಲನ್ನು ಮಗುಚಿ ನೋಡಿಕೊಂಡಳು, ಅಭ್ಯಾಸ.

"ಮಗು ಯಾವಾಗ ಕೂತ್ಕೊಳ್ತು?" ಡಾಕ್ಟರಮ್ಮ ಪೆನ್ನು ತೆಗೆದಳು.

"ಹಸಿರು ಬಾಟ್ಲಿ ಲೋಡ್ ಬಂತಲ್ಲ, ಆವಾಗ."

"ತಿಂಗಳು ಹೇಳಮ್ಮ."

ಅಕ್ಕ ನನ್ನ ಕಡೆ ನೋಡಿದಳು. ನಾನು ಲೆಕ್ಕ ಹಾಕಿ, ಹತ್ತನೇ ತಿಂಗಳು ಅಂದೆ.

"ನಡೆದಿದ್ದು?"

"ಕಂದು ಬಾಟ್ಲಿ ಬಂದಾಗ. ಔಷಧೀದು. ಸಣ್ಣ ಕತ್ತಿಂದು, ಬ್ರಷ್ಷೇ ಹೋಗಲ್ಲ ಅದರೊಳಗೆ."

"ಮೇಡಂ, ಇವ್ಳ ಹತ್ರ ಇದನ್ನೆಲ್ಲ ಕೇಳಿದ್ರೆ ಸಂಜೆ ಆಗುತ್ತೆ," ಮೇಸ್ತ್ರಿ ನಕ್ಕ.

ಡಾಕ್ಟರಮ್ಮ ನಗಲಿಲ್ಲ. ಗಡಿಯಾರ ನೋಡಿದಳು. "ಮೊದಲ ಮಾತು?"

ಅಕ್ಕ ಮಗುವಿನ ಕಡೆ ನೋಡಿದಳು. ಡಾಕ್ಟರಮ್ಮ ಆ ಸಾಲಿನಲ್ಲಿ ಒಂದು ಗೆರೆ ಎಳೆದದ್ದು ನನಗೆ ಕಂಡಿತು.

"ಹಗಲು ಮನೇಲಿ ಯಾರು ನೋಡ್ಕೋತಾರೆ?"

"ಅಜ್ಜಿ ಇದಾರೆ ಮೇಡಂ," ಅಂದ ಮೇಸ್ತ್ರಿ.

ಅಕ್ಕ ಆಗ ಮಗುವಿನ ಮೂಗು ಒರೆಸುತ್ತಿದ್ದಳು, ಕೇಳಿಸಿಕೊಳ್ಳಲಿಲ್ಲ. ನಾನು ಕೇಳಿಸಿಕೊಂಡೆ. ಹಗ್ಗದ ಮಾತು ಡಾಕ್ಟರಮ್ಮನ ಕಿವಿಗೆ ಬೀಳಬಾರದಿತ್ತು ಅವನಿಗೆ. ತುಟಿ ಪಿಟಕ್ಕೆನ್ನಲಿಲ್ಲ.

ಮಗುವಿನ ಕೈಗೆ ಎರಡು ಮರದ ತುಂಡು ಕೊಟ್ಟು ಒಂದರ ಮೇಲೊಂದು ಇಡು ಅಂದರು. ಅವಳು ಇಡಲಿಲ್ಲ. ಎರಡನ್ನೂ ಕಿವಿಯ ಹತ್ತಿರ ಹಿಡಿದು ತಾಕಿಸಿದಳು. ಒಂದನ್ನು ಬಲಗಡೆ ಇಟ್ಟಳು, ಇನ್ನೊಂದನ್ನು ಎಡಗಡೆಗೆ ತಳ್ಳಿದಳು. ಬುಟ್ಟಿಯಿಂದ ಮತ್ತೆರಡು ತೆಗೆದಳು.

"ಏನ್ ಮಾಡ್ತಿದಾಳೆ ಇವ್ಳು?"

"ಕೆಲ್ಸ ಮಾಡ್ತಿದಾಳೆ, ಡಾಕ್ಟ್ರೇ," ಅಂದಳು ಅಕ್ಕ. ದನಿಯಲ್ಲಿ ಸ್ವಲ್ಪ ಹೆಮ್ಮೆ ಇತ್ತು.

ಡಾಕ್ಟರಮ್ಮ ಏನೋ ಬರೆದುಕೊಂಡಳು. ಆಮೇಲೆ ಕೆಂಪು ಚೆಂಡೊಂದನ್ನು ಉರುಳಿಸಿದಳು. ಅದು ಕೋಣೆ ದಾಟಿ ಕಿಟಕಿಯ ಕೆಳಗೆ ನಿಂತಿತು. ಅವಳು ಎದ್ದಳು. ಕಣ್ಣು ಚೆಂಡಿನ ಮೇಲೇ ಇತ್ತು. ಒಂದು, ಎರಡು, ಮೂರು, ನಾಲ್ಕು. ಅಲ್ಲಿಗೆ ನಿಂತಳು. ಮುಂದಕ್ಕೆ ಬಾಗಿ ಕೈ ಚಾಚಿದಳು. ಚೆಂಡು ಇನ್ನೂ ಅಷ್ಟು ದೂರ ಇತ್ತು. ಅವಳ ಹಿಂದೆ ಏನೂ ಇರಲಿಲ್ಲ, ಬರೀ ಚಾಪೆ. ಸ್ವಲ್ಪ ಹೊತ್ತು ಹಾಗೇ ಬಾಗಿ ನಿಂತಿದ್ದು, ಹಿಂದೆ ಬಂದು ಮೇಜಿನ ಕಾಲಿಗೆ ಒರಗಿ ಕೂತಳು.

"ಹೋಗು ಪುಟ್ಟಾ, ತಗೋ," ಅಂದಳು ಡಾಕ್ಟರಮ್ಮ.

ಅವಳು ಅಳಲಿಲ್ಲ, ಹಟ ಮಾಡಲಿಲ್ಲ. ಚೆಂಡನ್ನು ನೋಡುವುದನ್ನೇ ಬಿಟ್ಟುಬಿಟ್ಟಳು.

ಅಕ್ಕನ ಕೈ ನನ್ನ ಮಣಿಕಟ್ಟಿಗೆ ಬಂತು. ಉಗುರು ಚರ್ಮದೊಳಗೆ ಇಳಿಯಿತು. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ.

"ಹುಟ್ಟಿದಾಗಿಂದ ಹಿಂಗೇ ಮೇಡಂ," ಮೇಸ್ತ್ರಿ ಕುರ್ಚಿ ಎಳೆದುಕೊಂಡ. "ಪಾಪ, ನಮ್ಮ ಮ್ಯಾನೇಜರ್ರು ದೊಡ್ಡ ಮನ್ಸು ಮಾಡಿ ಇಟ್ಕೊಂಡಿದಾರೆ."

ಡಾಕ್ಟರಮ್ಮ ಹಾಳೆ ತಿರುವಿ ಕೊನೆಗೆ ಎರಡು ಸಾಲು ಬರೆದು ಅಕ್ಕನ ಮುಂದೆ ತಳ್ಳಿದಳು. "ಇಲ್ಲಿ ಹೆಬ್ಬೆಟ್ಟು ಒತ್ತಮ್ಮ."

ಅಕ್ಕ ಹಾಳೆಯನ್ನು ನನ್ನ ಕಡೆ ತಿರುಗಿಸಿದಳು. "ಏನಿದೆ, ಓದೇ."

ಮೇಸ್ತ್ರಿ ನನ್ನನ್ನೇ ನೋಡುತ್ತಿದ್ದ. ಮುಂದಿನ ತಿಂಗಳು ಆಫೀಸಿನಲ್ಲಿ ರಿಜಿಸ್ಟರ್ ಬರೆಯೋ ಕೆಲಸ ನಿಂಗೇ ಅಂತ ಅವನು ಬಸ್ಸಿನಲ್ಲಿ ಹೇಳಿದ್ದ. ಹಾಳೆ ನೋಡಿ ಮನಸ್ಸಿನಲ್ಲೇ ಓದಿಕೊಂಡೆ. ಆ ಹೊತ್ತಿನಲ್ಲಿ ನಾನು ಯಾರಾಗಿದ್ದೆ ಅಂತ ಈಗಲೂ ಯೋಚಿಸುತ್ತೇನೆ.

"ಓದೇ, ನಿನ್ ಓದಿಗೆ ಬೆಂಕಿ ಹಾಕ!" ಅಂದಳು ಅಕ್ಕ.

ಓದಿದೆ. "ಹಗಲು ಆರೈಕೆ, ಮನೆಯಲ್ಲಿ ಅಜ್ಜಿ. ಬೆಳವಣಿಗೆ ಕುಂಠಿತ. ಕಾರಣ, ಹುಟ್ಟಿನಿಂದ ಬಂದದ್ದು."

"ಯಾವ ಅಜ್ಜಿ?" ಅಂದಳು ಅಕ್ಕ. "ನಮ್ಮಮ್ಮ ಸತ್ತು ಆರು ವರ್ಷ ಆಯ್ತು. ಇವ್ರಪ್ಪನ ಕಡೇವ್ರು ಎಲ್ಲಿದಾರೋ ಅವನಿಗೇ ಗೊತ್ತಿಲ್ಲ, ಓಡಿಹೋದ ಬೋಳಿಮಗ. ಯಾವ ಅಜ್ಜಿ ಡಾಕ್ಟ್ರೇ?" ಮಗುವನ್ನು ಎತ್ತಿ ಮೇಜಿನ ಮೇಲೆ, ಆ ಹಾಳೆಯ ಮೇಲೆಯೇ ನಿಲ್ಲಿಸಿದಳು. ಅಂಗಿ ಎತ್ತಿದಳು. "ಇಕೋ ನೋಡಿ ಅಜ್ಜಿ."

ಡಾಕ್ಟರಮ್ಮ ಆ ಕಪ್ಪು ಪಟ್ಟಿಯನ್ನು ಬೆರಳಿನಿಂದ ಸವರಿದಳು. ಸುತ್ತಲೂ ಹೋಯಿತು ಬೆರಳು. "ಯಾರು ಕಟ್ಟಿದ್ದು?"

"ನಾನು," ಅಂದಳು ಅಕ್ಕ.

ಗಂಟು ನನ್ನದು ಅಂತ ಆಗಲೂ ನಾನು ಹೇಳಲಿಲ್ಲ.

"ದಿನಕ್ಕೆ ಎಷ್ಟು ಹೊತ್ತು?"

"ಬೆಳಕು ಇರೋವಷ್ಟು ಹೊತ್ತು. ಗಾಜಿನ್ ಮೇಲೆ ಬಿಡ್ಲಾ? ಈ ಮೇಸ್ತ್ರಿ ಮನೇಲಿ ಬಿಡ್ಲಾ? ಹಗ್ಗ ಅಂತ ಬರೀರಿ ಅದ್ರಲ್ಲಿ. ಹುಟ್ಟಾ ಅಂತ ಬರ್ದ್ರೆ ನಾನ್ ಒತ್ತಲ್ಲ."

"ಏಯ್, ಬಾಯ್ ಮುಚ್ಚೇ ಲೌಡಿ—" ಮೇಸ್ತ್ರಿ ಎದ್ದ.

"ನೀವು ಹೊರಗಿರಿ," ಅಂದಳು ಡಾಕ್ಟರಮ್ಮ. ಅವನು ಹೋದ ಮೇಲೆ ಕೊನೆಯ ಸಾಲನ್ನು ಹೊಡೆದು ಹಾಕಿದಳು. ಅದರ ಪಕ್ಕದಲ್ಲಿ ಏನೂ ಬರೆಯಲಿಲ್ಲ. "ನೋಡಮ್ಮ, ಇದರಲ್ಲಿ ಹಗ್ಗದ್ದು ಎಷ್ಟು, ಮಗೂದು ಎಷ್ಟು ಅಂತ ಇವತ್ತು ನಂಗೂ ಗೊತ್ತಾಗಲ್ಲ. ಬಿಚ್ಚಿಡು. ಓಡಾಡ್ಲಿ, ಬೇರೆ ಮಕ್ಕಳ ಜೊತೆ ಆಡ್ಲಿ, ಯಾರಾದ್ರೂ ಎದುರು ಕೂತು ಮಾತಾಡಿಸ್ಲಿ. ಆರು ತಿಂಗಳು ಬಿಟ್ಟು ಕರ್ಕೊಂಡು ಬಾ. ಆವಾಗ್ಲೂ ಹೀಗೇ ಇದ್ರೆ ಅದಕ್ಕೆ ಬೇರೆ ದಾರಿ ಇದೆ, ನಾನ್ ಹೇಳ್ತೀನಿ."

"ಎಲ್ಲಿ ಬಿಚ್ಚಲಿ?" ಅಂದಳು ಅಕ್ಕ.

ಡಾಕ್ಟರಮ್ಮ ಮುಂದಿನ ಚೀಟಿ ಎಳೆದುಕೊಂಡಳು. ಹೊರಗೆ ಮುಂದಿನ ಮಗು ಅಳುತ್ತಿತ್ತು.

ಮಾರನೇ ಬೆಳಿಗ್ಗೆ ಗೇಟಿನ ಹತ್ತಿರ ಮೇಸ್ತ್ರಿ ಅಡ್ಡ ನಿಂತಿದ್ದ. "ಮ್ಯಾನೇಜರ್ ಆರ್ಡರು. ಕಾಗದ ಸಿಗ್ಲಿಲ್ಲ ತಾನೆ? ಇವತ್ತಿಂದ ಅಂಗಳದೊಳಗೆ ಹಗ್ಗಾನೂ ಇಲ್ಲ, ಮಕ್ಕಳೂ ಇಲ್ಲ. ಬೇಕಿದ್ರೆ ಬನ್ನಿ, ಬೇಡಾಂದ್ರೆ ನಡೀರಿ. ಎಲ್ಲಾ ಈ ಮಹಾರಾಣೀದು, ಇವಳಿಗೇ ದೊಡ್ ನಮಸ್ಕಾರ ಹಾಕಿ."

ಹೆಂಗಸರು ಅಕ್ಕನನ್ನು ನೋಡಿದರು. ಅವರ ಕಣ್ಣಲ್ಲಿ ಪ್ರೀತಿ ಇರಲಿಲ್ಲ. ಒಂಬತ್ತು ಮಕ್ಕಳಿದ್ದವು, ಸೊಂಟದ ಮೇಲೆ, ಹೆಗಲ ಮೇಲೆ, ಕೈ ಹಿಡಿದು.

"ಆಯ್ತು. ಅಂಗಳಕ್ಕೆ ತರಲ್ಲ," ಅಂದಳು ಅಕ್ಕ.

ಅವನು ಬದಿಗೆ ಸರಿದ. ಅವಳು ತೊಟ್ಟಿಗಳ ಕಡೆ ಹೋಗಲಿಲ್ಲ. ಬಲಕ್ಕೆ ತಿರುಗಿ ಮೂರು ಮೆಟ್ಟಿಲು ಹತ್ತಿ ಆಫೀಸಿನ ಬಾಗಿಲು ತಳ್ಳಿದಳು. ಮ್ಯಾನೇಜರ್ ಫೋನಿನಲ್ಲಿದ್ದ. ಅವನ ಮೇಜಿನ ಮುಂದೆ, ಹೊಳೆಯುವ ನೆಲದ ಮೇಲೆ, ಮಗುವನ್ನು ಕೂರಿಸಿದಳು.

"ಇಲ್ಲಿ ಗಾಜಿಲ್ಲ ಸಾರ್. ದಿನಾ ಒರ್ಸೋಳು ನಾನೇ, ನಂಗೊತ್ತು."

ಅವನು ಬಾಯಿ ತೆರೆಯುವಷ್ಟರಲ್ಲಿ ಎರಡನೇ ಮಗು ಬಂತು. ಮೂರನೇದು. ಲೇಬಲ್ ಕೆರೆಯುವ ಮುದುಕಿ ಮೊಮ್ಮಗನನ್ನು ಇಳಿಸಿ, "ಇದಕ್ಕೆ ಚಡ್ಡಿ ಹಾಕಿಲ್ಲ ಸಾಹೇಬ್ರೇ, ಮೆತ್ತೆ ಕುರ್ಚಿ ಮೇಲೆ ಮಾತ್ರ ಕೂರಿಸ್ಬೇಡಿ" ಅಂದಳು. ಒಂಬತ್ತೂ ಒಳಗಾದವು. ಒಂದು ಫೈಲು ಎಳೆಯಿತು, ಇನ್ನೊಂದು ಉಚ್ಚೆ ಹೊಯ್ದುಕೊಂಡಿತು. ಹೆಂಗಸರು ಸಾಲಾಗಿ ಹೊರಗೆ ಬಂದು ತಮ್ಮ ತಮ್ಮ ತೊಟ್ಟಿಗೆ ಕೈ ಇಳಿಸಿದರು.

ಮ್ಯಾನೇಜರ್ ಮೆಟ್ಟಿಲ ಮೇಲೆ ಬಂದು ಕೂಗಾಡಿದ. ಸೂಳೇರಾ ಅಂದ, ಹೊತ್ಕೊಂಡ್ ಹೋಗ್ರೇ ನಿಮ್ ಪಿಂಡಗಳ್ನ ಅಂದ. ಯಾರೂ ತಲೆ ಎತ್ತಲಿಲ್ಲ. ಕೊನೆಗೆ, "ಪೊಲೀಸ್ನೋರ್ನ ಕರೀತೀನಿ. ಅವ್ರೇ ಎತ್ತಿ ಬೀದಿಗೆ ಎಸೀತಾರೆ" ಅಂದ.

ಆ ಮಾತಿಗೆ ಅಕ್ಕ ಕೈ ಒರೆಸಿಕೊಂಡಳು. ಅವನ ಪಕ್ಕದಲ್ಲೇ ಮೆಟ್ಟಿಲು ಹತ್ತಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸದ್ದು ನಮಗೆಲ್ಲ ಕೇಳಿಸಿತು.

ತನ್ನ ಬಾಗಿಲನ್ನು ತಾನೇ ದಬದಬ ಬಡಿದು ಸಾಕಾಗಿ ಅವನು ಮೇಸ್ತ್ರಿಯನ್ನು ಠಾಣೆಗೆ ಓಡಿಸಿ ಸುತ್ತ ನೋಡಿದ. ನನ್ನನ್ನು ಕಂಡ. ಕೈ ಬೀಸಿ ಕರೆದ. ಹೋದೆ.

"ನೀನು ಓದ್ದೋಳು," ಅಂದ. ಬೆವರುತ್ತಿದ್ದ. ಈಗ ದನಿ ತಗ್ಗಿತ್ತು. "ಇವಕ್ಕೆಲ್ಲ ಬುದ್ಧಿ ಇಲ್ಲ. ನಿಂಗೆ ಗೊತ್ತಾಗುತ್ತೆ. ಅವ್ಳಿಗೆ ಹೇಳು. ರಿಜಿಸ್ಟರ್ ಕೆಲ್ಸ ನಾಳೆಯಿಂದ್ಲೇ ಮಾಡು ಬೇಕಾದ್ರೆ. ಬಾಗಿಲು ತೆಗಿ ಅಂತ ಹೇಳು, ಅಷ್ಟೇ."

ಒಳಗೆ ಮಕ್ಕಳು ಅಳುತ್ತಿದ್ದವು, ನಗುತ್ತಿದ್ದವು, ಏನನ್ನೋ ಬೀಳಿಸುತ್ತಿದ್ದವು. ಅದರಲ್ಲಿ ನಮ್ಮದರ ದನಿ ಇದೆಯೋ ಇಲ್ಲವೋ ಅಂತ ಕಿವಿಗೊಟ್ಟು ನಿಂತೆ. ಅದರ ದನಿ ಹೇಗಿರುತ್ತದೆ ಅಂತ ನನಗೆ ಗೊತ್ತಿರಲಿಲ್ಲ.

"ಹೇಳೇ!" ಅಂದ ಮ್ಯಾನೇಜರ್.

ನಾನು ಬಾಗಿಲಿಗೆ ಬೆನ್ನು ಕೊಟ್ಟು ಹೊಸ್ತಿಲ ಮೇಲೆ ಕೂತೆ. ಗೇಟಿನ ಆಚೆ ಪೊಲೀಸ್ ಜೀಪು ನಿಂತ ಸದ್ದಾಯಿತು. ಅಂಗಳದಲ್ಲಿ ಒಬ್ಬೊಬ್ಬರಾಗಿ ಹೆಂಗಸರು ನೀರಿನಿಂದ ಕೈ ತೆಗೆಯುತ್ತಿದ್ದರು.