ನಕ್ಷತ್ರದ ಸ್ವಿಚ್ಚು

ರಾತ್ರಿ ಹನ್ನೆರಡು ದಾಟಿದ ಮೇಲೆ ಹೊರಬಾಗಿಲ ಚಿಲಕ ಮೆಲ್ಲಗೆ ಎರಡು ಸಲ ಅಲುಗಿತು. ಮನೆಯಲ್ಲಿ ಒಬ್ಬಳೇ ಇದ್ದ ಸುಗುಣಾ ಟೀಚರ್ ಎದ್ದು ಬಾಗಿಲ ಕಡೆ ಕಿವಿಗೊಟ್ಟಳು. ಕ್ರಿಸ್ಮಸ್ ಹಾಡಿನ ತಂಡದವರಾದರೆ ಅಂಗಳದಲ್ಲಿ ನಿಂತು ಹಾಡಿದ ಮೇಲೆಯೇ ಬಾಗಿಲು ತಟ್ಟುವುದು ವಾಡಿಕೆ. ಈಗ ಯಾವ ಹಾಡೂ ಕೇಳಿಸಿರಲಿಲ್ಲ.

"ಯವ್ವಾ, ಕಂಬಳಿ ಯಾರೋ ಕಸಗೊಂಡ್ರಬೇ. ಥಂಡಿ ಅಗದಿ ಭಾಳ ಐತಿ."

ಸಂಶಿಯ ಬಸ್ ನಿಲ್ದಾಣದಲ್ಲಿ ಮಲಗುವ ಮುದುಕಿಯ ದನಿ. ಸಂಜೆ ಚರ್ಚಿನ ಸಭೆಯವರ ಜೊತೆ ಹೋಗಿ ಅವಳಿಗೆ ಕಂಬಳಿ ಹೊದಿಸುವಾಗ ಸುಗುಣಾ ಎಲ್ಲರಿಗೂ ಕೇಳುವಂತೆ, "ನಕ್ಷತ್ರ ತೂಗಹಾಕಿದ ಮನಿ ನಂದು. ಯಾವಾಗ ಬೇಕಾದ್ರೂ ಬರ್ರಿ," ಎಂದಿದ್ದಳು.

ಮುದುಕಿಯನ್ನು ಮುಂದೆ ಬಿಟ್ಟು ಹಿಂದೆ ಯಾರಾದರೂ ನಿಂತಿದ್ದರೆ? ಅಗಳಿಯವರೆಗೆ ಹೋದ ಸುಗುಣಾಳ ಕೈ ಪಕ್ಕದ ಸ್ವಿಚ್ಚನ್ನು ಒತ್ತಿತು. ಹೊರಗೆ ತೂಗಹಾಕಿದ್ದ ಕ್ರಿಸ್ಮಸ್ ನಕ್ಷತ್ರದ ದೀಪ ಆರಿತು.

"ಮನಿ ತಪ್ಪೀನೇನೋ," ಎಂದುಕೊಳ್ಳುತ್ತ ಮುದುಕಿ ಕಾಲೆಳೆದುಕೊಂಡು ಹೋದಳು.

ಬೆಳಿಗ್ಗೆ ಪಕ್ಕದ ಮನೆಯ ಮೈಲಾರವ್ವ ಸುದ್ದಿ ತಂದಳು: "ಬಸ್ ಸ್ಟ್ಯಾಂಡಿನ ಮುದಿಕಿ ಥಂಡ್ಯಾಗ ಸೆಟದು ಸತ್ತಾಳ್ರಿ ಟೀಚರ. ನೀವರ ಕಂಬಳಿ ಹೊಚ್ಚಿದ್ರಿ, ಪುಣ್ಯಾ ಬಂತು ನಿಮಗ."

ಆರಾಧನೆಯಲ್ಲಿ ಪಾದ್ರಿಗಳು ನಿನ್ನೆಯ ಸೇವೆಯ ಸಾಕ್ಷಿ ಹೇಳಲು ಕರೆದಾಗ, ಸುಗುಣಾ ದನಿ ಕೆಟ್ಟಿದೆ ಎಂಬಂತೆ ಗಂಟಲು ಮುಟ್ಟಿ ತೋರಿಸಿ, ಆಗದೆಂದು ತಲೆಯಾಡಿಸಿದಳು. ಆ ಚಿಲಕದ ಸದ್ದನ್ನು ಯಾರಿಗೂ ಹೇಳಬಾರದೆಂದು ಆಗಲೇ ನಿಶ್ಚಯಿಸಿದ್ದಳು.